ತಮಟೆ ಬರ್ತದೇನ್ಲಾ?

ನಾನು ಎಂಟನೇ ಕ್ಲಾಸಿಗೆಂದು ತಿಪಟೂರಿಗೆ ಬಂದ ವರ್ಷದ ಮಾತು ಇದು. ನಮ್ಮೂರು ತುರುವೇಕೆರೆ ತಾಲ್ಲೂಕಿನ ಅಂಚಿನದು. ಏಳನೇ ಕ್ಲಾಸಿನ ತನಕ ಊರ ಶಾಲೆ, ಆಮೇಲೆ ಸರ್ಕಾರಿ ಹಾಸ್ಟೆಲ್ಲು, ಒಂದು ಟ್ರಂಕು, ಒಂದು ಚಾಪೆ. ಬಂದು ಐದಾರು ತಿಂಗಳಾಗಿರಬೇಕು, ಸ್ಕೂಲ್ ಡೇ ಬಂತು. ಹಾಡು, ಡ್ಯಾನ್ಸು, ನಾಟಕ, ಏಕಪಾತ್ರಾಭಿನಯ ಯಾವುದಕ್ಕಾದರೂ ಸೇರಬೇಕೆನ್ನುವವರು ಶನಿವಾರ ಶಾಲೆ ಬಿಟ್ಟ ಮೇಲೆ ಸೆಲೆಕ್ಷನ್ನಿಗೆ ಬರಬೇಕು ಎಂದು ನೋಟೀಸು ಓದಿದರು.

ನಾನು ಹೋದೆ. ಯಾರೂ ಹೋಗು ಅಂದಿರಲಿಲ್ಲ. ಊರಲ್ಲಿ ಪ್ರತಿ ವರ್ಷ ಆಡುವ ಕುರುಕ್ಷೇತ್ರ ನಾಟಕ ನೋಡಿ ನೋಡಿ ಕರ್ಣನ ಮಾತೆಲ್ಲ ನನಗೆ ಬಾಯಿಪಾಠವಾಗಿತ್ತು. ದನ ಕಾಯುವಾಗ ತೆಂಗಿನ ಮರಗಳ ಮುಂದೆ ನಿಂತು ಎಷ್ಟೋ ಸಲ ಹೇಳಿದ್ದೆ. ಮರಗಳು ಬೇಡ ಅಂದಿರಲಿಲ್ಲ. ಮನುಷ್ಯರ ಮುಂದೆ ಹೇಳುವ ಆಸೆ ಅದೇ ಮೊದಲು.

ಬೆಂಚಿನ ಮೇಲೆ ಮೂವರು ಮೇಷ್ಟ್ರು ಕೂತಿದ್ದರು. ನನಗಿಂತ ಮುಂದೆ ನಿಂತಿದ್ದ ಹುಡುಗಿಯನ್ನು, 'ನಿನಗೇನಮ್ಮ ಬರುತ್ತೆ?' ಎಂದು ಕೇಳಿದರು. ಅವಳು ಒಂದು ಭಾವಗೀತೆ ಹಾಡಿದಳು. ಚೆನ್ನಾಗಿಯೇ ಹಾಡಿದಳು. ನನ್ನ ಸರದಿ ಬಂತು. 'ಯಾವೂರ್ಲಾ?' ಹೇಳಿದೆ. 'ಊರೊಳಗಾ, ಕಾಲೋನೀಲಾ?' ಅದನ್ನೂ ಹೇಳಿದೆ. ಮೇಷ್ಟ್ರ ಮುಖ ಅರಳಿತು. ಪಕ್ಕದವರ ಕಡೆ ತಿರುಗಿ, 'ಸಿಕ್ಕಿದ ನೋಡಿ' ಅಂದರು. ಆಮೇಲೆ ನನ್ನನ್ನು ಕೇಳಿದರು: 'ತಮಟೆ ಬರ್ತದೇನ್ಲಾ?'

ನಾನು ತಲೆ ತಗ್ಗಿಸಿ, 'ಬರಲ್ಲ ಸಾ' ಅಂದೆ.

ಅದು ಸುಳ್ಳು. ನನಗೆ ತಮಟೆ ಬರುತ್ತಿತ್ತು. ಒಣ ಗರಿ ಉರಿಸಿ ಚರ್ಮ ಕಾಯಿಸುವುದು, ಎಷ್ಟು ಕಾದರೆ ಎಂಥ ನಾದ, ಬಲಗೈಯ ದಪ್ಪ ಕೋಲಿಗೂ ಎಡಗೈಯ ಸಣ್ಣ ಕಡ್ಡಿಗೂ ಏನು ಸಂಬಂಧ, ಇದೆಲ್ಲ ನನಗೆ ಅಕ್ಷರಕ್ಕಿಂತ ಮೊದಲೇ ಗೊತ್ತಿತ್ತು. ನಮ್ಮ ಸುತ್ತಿನ ಹತ್ತು ಹಳ್ಳಿಯಲ್ಲಿ ನಮ್ಮಪ್ಪನ ಕೈ ಅಂದರೆ ಕೈ. ಆ ಕೈಯನ್ನು ನಾನು ಎರಡು ಮಾತಿನಲ್ಲಿ ಇಲ್ಲ ಅನ್ನಿಸಿಬಿಟ್ಟೆ. ಕರ್ಣನ ಮಾತು ಹೇಳುತ್ತೇನೆ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಅವರೂ ಬೇರೇನೂ ಕೇಳಲಿಲ್ಲ. ಪರದೆಯ ಹಗ್ಗ ಎಳೆಯುವ ಕೆಲಸ ಕೊಟ್ಟರು. ಎಳೆದೆ.

ಗೆಳೆಯರೆ, ಇಂಥ ಕಥೆಯನ್ನು ನಾವು ಸಾಮಾನ್ಯವಾಗಿ ಇಲ್ಲಿಗೆ ಮುಗಿಸಿ, 'ನೋಡಿ, ಎಂಥ ಅನ್ಯಾಯ' ಎಂದು ಎದ್ದುಬಿಡುತ್ತೇವೆ. ಅನ್ಯಾಯ ನಿಜ. ಆದರೆ ನನ್ನನ್ನು ಇಷ್ಟು ವರ್ಷ ಕಾಡಿದ್ದು ಆ ಮೇಷ್ಟ್ರ ಪ್ರಶ್ನೆಯಲ್ಲ. ಆಮೇಲೆ ಅಪ್ಪ ಕೇಳಿದ ಪ್ರಶ್ನೆ.

ಹಬ್ಬಕ್ಕೆ ಊರಿಗೆ ಹೋದಾಗ ಹೇಳಿದೆ. ಭೇಷ್ ಅನ್ನುತ್ತಾನೆ ಅಂದುಕೊಂಡಿದ್ದೆ. ಅಪ್ಪ ಬೀಡಿ ಆರಿಸಿ ಸುಮ್ಮನೆ ಕೂತ. ಆಮೇಲೆ ಅಂದ: 'ಬರಲ್ಲ ಅಂತ ಯಾಕಂದೆ ಮಗ? ಬಾರ್ಸಲ್ಲ ಅನ್ನಬೇಕಿತ್ತು.'

ಈ ಲೇಖನ ಇರುವುದು ಈ ಎರಡು ಮಾತುಗಳ ನಡುವೆ. 'ಬರಲ್ಲ' ಮತ್ತು 'ಬಾರ್ಸಲ್ಲ'. ಕೇಳುವವರಿಗೆ ಎರಡರ ಫಲವೂ ಒಂದೇ: ತಮಟೆ ಸದ್ದು ಕೇಳುವುದಿಲ್ಲ. ಹೇಳುವವನಿಗೆ ಮಾತ್ರ ಎರಡೂ ಬೇರೆ ಬೇರೆ ಲೋಕ. ಅವು ಹೇಗೆ ಬೇರೆ, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವ ಶಕ್ತಿ ಯಾರಿಗಿದೆ, ಆ ಶಕ್ತಿ ಇಲ್ಲದವನನ್ನು ದೂರಬಹುದೇ? ಇದು ನನ್ನ ಪ್ರಶ್ನೆ.

ಮೊದಲು ಮೇಷ್ಟ್ರ ವಿಷಯ ಮುಗಿಸುತ್ತೇನೆ. ಅವರು ಕೆಟ್ಟವರಲ್ಲ. ನನಗೆ ನೋಟ್‌ಬುಕ್ಕು ಕೊಡಿಸಿದವರು ಅವರೇ. 'ಈ ಹುಡುಗರಿಗೂ ಒಂದು ಅವಕಾಶ ಸಿಗಲಿ' ಎಂದೇ ಕೇಳಿರಬೇಕು. ಹಾಗಾದರೆ ತಪ್ಪು ಎಲ್ಲಿದೆ? ಎರಡು ಪ್ರಶ್ನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಆ ಹುಡುಗಿಗೆ 'ಏನು ಬರುತ್ತೆ?' ಎಂದು ಕೇಳಿದರು. ಆ ಪ್ರಶ್ನೆಗೆ ಬಾಗಿಲು ತೆರೆದಿತ್ತು. ಅವಳು ಹಾಡಬಹುದಿತ್ತು, ಕುಣಿಯಬಹುದಿತ್ತು, ಏನೂ ಬರಲ್ಲ ಎಂದು ನಗಬಹುದಿತ್ತು. ನನಗೆ ಕೇಳಿದ ಪ್ರಶ್ನೆಯೊಳಗೆ ಉತ್ತರ ಆಗಲೇ ಕೂತಿತ್ತು. ಕಾಲೋನಿ ಅಂದಾಕ್ಷಣ ನನ್ನ ಕೈಗೆ ತಮಟೆ ಬಂದಾಗಿತ್ತು. ನಾನು ಹೌದು ಅನ್ನುವುದಷ್ಟೇ ಬಾಕಿ.

ನಮ್ಮ ಸೀಮೆಯ ಕೊಬ್ಬರಿಯನ್ನೇ ನೋಡಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆ ಬದುಕು ಇರುವುದು ಉಂಡೆ ಕೊಬ್ಬರಿಯ ಮೇಲೆ. ಕಾಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಹಾಕುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಮಂಡಿಯಲ್ಲಿ ಕೊಬ್ಬರಿಯ ಗಾತ್ರ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಒಡೆದೂ ನೋಡುತ್ತಾರೆ. ಯಾರ ತೋಟದ ಬೇಲಿಯೊಳಗೆ ಬಿದ್ದ ಕಾಯಿ ಎಂದು ತಿಳಿದುಕೊಂಡು, ಅಲ್ಲಾಡಿಸದೆ, ಒಡೆಯದೆ ಯಾವ ವ್ಯಾಪಾರಿಯೂ ಬೆಲೆ ಕಟ್ಟುವುದಿಲ್ಲ. ಕಟ್ಟಿದರೆ ಮುಳುಗಿಹೋಗುತ್ತಾನೆ. ಕೊಬ್ಬರಿಗೆ ಸಿಗುವ ಈ ಮರ್ಯಾದೆ ನನಗೆ ಸಿಗಲಿಲ್ಲ. ನನ್ನನ್ನು ಯಾರೂ ಅಲ್ಲಾಡಿಸಿ ಕೇಳಲಿಲ್ಲ.

ಹಾಗೆಂದ ಮೇಲೆ ಪರೀಕ್ಷೆ ಮಾಡುವುದೇ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ನಾಟಕದಲ್ಲಿ ಕರ್ಣ ಒಬ್ಬನೇ. ಬಯಸುವವರು ಹತ್ತು ಜನ. ಯಾರಾದರೂ ಒಬ್ಬರನ್ನು ಆರಿಸಲೇಬೇಕು. ಆರಿಸಿ. ಆದರೆ ನೋಡಿ ಆರಿಸಿ.

ನಾನು ಹೇಳಬೇಕೆಂದಿದ್ದ ಕರ್ಣನ ಕಥೆಯಲ್ಲೇ ಇದು ಇದೆ. ಹಸ್ತಿನಾವತಿಯಲ್ಲಿ ರಾಜಕುಮಾರರ ವಿದ್ಯಾಪ್ರದರ್ಶನ ನಡೆಯುತ್ತಿದೆ. ಹೊಸಬನೊಬ್ಬ ರಂಗಕ್ಕೆ ಇಳಿಯುತ್ತಾನೆ. ಅರ್ಜುನ ಮಾಡಿದ್ದನ್ನೆಲ್ಲ ಮಾಡಿ ತೋರಿಸುತ್ತಾನೆ. ಎದುರು ಬದುರು ನಿಲ್ಲೋಣ ಬಾ ಎನ್ನುತ್ತಾನೆ. ಆಗ ಕೃಪಾಚಾರ್ಯ ಎದ್ದು ಕೇಳುವುದು ಬಾಣದ ವಿಷಯವಲ್ಲ: ನಿನ್ನ ತಂದೆ ತಾಯಿ ಯಾರು, ನಿನ್ನ ಕುಲ ಯಾವುದು? ಕರ್ಣನ ತಲೆ ತಗ್ಗುತ್ತದೆ. ದುರ್ಯೋಧನ ಅಲ್ಲೇ ಅಂಗರಾಜ್ಯ ಕೊಟ್ಟು ಅವನನ್ನು ರಾಜನನ್ನಾಗಿ ಮಾಡುತ್ತಾನೆ. ಚಪ್ಪಾಳೆ ತಟ್ಟುವ ಮೊದಲು ಗಮನಿಸಿ. ದುರ್ಯೋಧನ ಕೃಪನ ನಿಯಮವನ್ನು ಮುರಿಯಲಿಲ್ಲ, ಒಪ್ಪಿಕೊಂಡ. ರಾಜನಲ್ಲದವನು ರಂಗಕ್ಕೆ ಬರಬಾರದೇ, ಸರಿ, ಇವನನ್ನು ರಾಜನನ್ನಾಗಿ ಮಾಡುತ್ತೇನೆ ಅಂದ. ನಿಯಮ ಹಾಗೇ ಉಳಿಯಿತು, ಒಬ್ಬನಿಗೆ ಪಾಸು ಸಿಕ್ಕಿತು. ಆ ಪಾಸಿನ ಸಾಲವನ್ನು ಕರ್ಣ ಸಾಯುವ ತನಕ ತೀರಿಸಿದ. 'ನಮ್ಮ ಹುಡುಗರಿಗೂ ಒಂದು ಅವಕಾಶ' ಎನ್ನುವ ಕರುಣೆಯಲ್ಲಿ ಈ ಅಂಗರಾಜ್ಯದ ವಾಸನೆ ನನಗೆ ಯಾವಾಗಲೂ ಹೊಡೆಯುತ್ತದೆ.

ಆದರೆ ನನ್ನನ್ನು ನಾಚಿಸುವುದು ಮುಂದಿನ ಸಂಗತಿ. ಪಟ್ಟಾಭಿಷೇಕದ ನೀರು ತಲೆಯಿಂದ ಇನ್ನೂ ಇಳಿಯುತ್ತಿರುವಾಗಲೇ ಸಾಕುತಂದೆ ಅಧಿರಥ ಕೋಲೂರಿಕೊಂಡು, ಬೆವೆತುಕೊಂಡು ರಂಗಕ್ಕೆ ಬರುತ್ತಾನೆ. ಕರ್ಣ ಬಿಲ್ಲು ಇಟ್ಟು, ಎಲ್ಲರ ಕಣ್ಣೆದುರಿಗೆ, ಆ ಒದ್ದೆ ತಲೆಯಿಂದಲೇ ಸೂತನ ಪಾದ ಮುಟ್ಟುತ್ತಾನೆ. ಚಾಟಿ ಹಿಡಿ ಹೋಗು ಎಂದು ಭೀಮ ಗೇಲಿ ಮಾಡುತ್ತಾನೆ. ಮಾಡಲಿ. ಕರ್ಣ ರಂಗದ ಮೇಲೆ ಅಪ್ಪನನ್ನು ಬಿಟ್ಟುಕೊಡಲಿಲ್ಲ. ಅವನ ಮಾತನ್ನೆಲ್ಲ ಬಾಯಿಪಾಠ ಮಾಡಿದ್ದ ನಾನು ಬಿಟ್ಟುಕೊಟ್ಟೆ.

ಇಲ್ಲಿಗೆ 'ಬರಲ್ಲ' ಎಂಬ ಮಾತಿನ ಅರ್ಥ ತೆರೆದುಕೊಳ್ಳುತ್ತದೆ. ಆ ಸುಳ್ಳಿನಿಂದ ಮೇಷ್ಟ್ರಿಗೆ ಏನೂ ನಷ್ಟವಾಗಲಿಲ್ಲ. ಕೇಳಬಾರದ ಪ್ರಶ್ನೆಗೆ ಸತ್ಯ ಹೇಳಲೇಬೇಕೆಂಬ ಸಾಲವೂ ನನಗಿರಲಿಲ್ಲ. ಅದರ ಏಟು ಬಿದ್ದದ್ದು ಅಲ್ಲಿ ಇಲ್ಲದ ಮನುಷ್ಯನಿಗೆ, ಅಪ್ಪನಿಗೆ. ತಮಟೆ ನಾಚಿಕೆಯ ವಸ್ತು ಎಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ನಾನೇ ಮುಂದಾಗಿ ಒಪ್ಪಿಕೊಂಡೆ. 'ಬಾರ್ಸಲ್ಲ' ಎನ್ನುವವನು ತಮಟೆಯನ್ನು ತನ್ನ ಹತ್ತಿರವೇ ಇಟ್ಟುಕೊಂಡು ಅಪ್ಪಣೆಯನ್ನು ವಾಪಸು ಕಳಿಸುತ್ತಾನೆ. 'ಬರಲ್ಲ' ಎನ್ನುವವನು ತಮಟೆಯನ್ನೇ ಎಸೆದು, ಅಪ್ಪಣೆಯನ್ನು ಮಾತ್ರ ಹಾಗೇ ಬಿಡುತ್ತಾನೆ. ನನ್ನ ಹಿಂದೆ ಇನ್ನೊಬ್ಬ ಕಾಲೋನಿ ಹುಡುಗ ನಿಂತಿದ್ದರೆ ಅದೇ ಪ್ರಶ್ನೆ ಅವನಿಗೆ ಹೋಗುತ್ತಿತ್ತು.

ಹಾಗಾದರೆ ಅಪ್ಪ ಹೇಳಿದ್ದೇ ಸರಿ, ಮಗ ಹೇಡಿ, ಎಂದು ಮುಗಿಸೋಣವೇ? ಅಷ್ಟು ಸಲೀಸಲ್ಲ. ಅಪ್ಪನಿಗೆ ಆ ಮಾತು ಎಲ್ಲಿಂದ ಬಂತು ನೋಡಿ. ನಾನು ಹುಟ್ಟುವ ಮೊದಲು ನಮ್ಮ ಕೇರಿಯವರು ಊರಿನ ಸಾವಿಗೆ ತಮಟೆ ಬಾರಿಸುವುದನ್ನು ಬಿಟ್ಟರು. 'ನಿಮ್ಮ ಹೆಣಕ್ಕೆ ಇನ್ನು ಬಾರ್ಸಲ್ಲ' ಎಂದು ಅಪ್ಪನೂ ಇನ್ನು ಮೂವರೂ ಹೇಳಿಬಂದರು. ಆ ವರ್ಷ ಕಾಯಿ ಸುಲಿಯುವುದಕ್ಕೆ ಬೇರೆ ಊರಿನಿಂದ ಆಳು ತರಿಸಿದರು. ನಮ್ಮವರನ್ನು ತೋಟದೊಳಕ್ಕೆ ಬಿಡಲಿಲ್ಲ. ಅಪ್ಪ ತಿಂಗಳುಗಟ್ಟಲೆ ತಿಪಟೂರಿನ ಮಂಡಿಯಲ್ಲಿ ಮೂಟೆ ಹೊತ್ತ. ಹೋಟೆಲಿನಲ್ಲಿ ತೆಂಗಿನ ಚಿಪ್ಪಿಗೆ ಟೀ ಹುಯ್ಯಿಸಿಕೊಂಡು ಕುಡಿದ ತಾತನ ಮಗ, ಒಂದು 'ಅಲ್ಲ' ಅನ್ನುವ ಅಕ್ಷರಕ್ಕೆ ಅಷ್ಟು ಬೆಲೆ ತೆತ್ತ. ಆ ಬೆಲೆ ತೆತ್ತವನ ಬಾಯಲ್ಲಿ 'ಬಾರ್ಸಲ್ಲ' ಸಲೀಸಾಗಿ ಬರುತ್ತದೆ. ಅವನ ಹಿಂದೆ ಕೇರಿ ಇತ್ತು, ಜೊತೆಗೆ ಮೂವರಿದ್ದರು.

ನನ್ನ ಹಿಂದೆ ಯಾರಿದ್ದರು? ಹದಿಮೂರು ವರ್ಷ, ಹೊಸ ಊರು, ಹೊಸ ಶಾಲೆ, ಹಾಸ್ಟೆಲಿನ ಅನ್ನ. ಮೇಷ್ಟ್ರಿಗೆ ಬೇಜಾರಾದರೆ ಏನಾಗುತ್ತದೋ ಎಂಬ ಭಯ. ಅಂಥವನಿಗೆ 'ಬರಲ್ಲ' ಎಂಬುದೊಂದೇ ಸಿಗುವ ಬಾಗಿಲು. ಅದು ಬಡವನ ನಿರಾಕರಣೆ. ಕೂಲಿಯಾಳು ಎದುರಾಡಲಾಗದೆ 'ಮೈ ಸರಿಯಿಲ್ಲ ಗೌಡ್ರೆ' ಅನ್ನುತ್ತಾನಲ್ಲ, ಹಾಗೆ. ಆ ಸುಳ್ಳನ್ನು ಸುಳ್ಳು ಎಂದು ಕರೆಯುವ ಮೊದಲು, ನಿಜ ಹೇಳಿದ್ದರೆ ಅವನಿಗೆ ಎಷ್ಟು ಬೀಳುತ್ತಿತ್ತು ಎಂದು ಲೆಕ್ಕ ಹಾಕಬೇಕು. ಮಗುವಿನಿಂದ ವೀರತನ ನಿರೀಕ್ಷಿಸುವ ಶಾಲೆ ಕೆಟ್ಟ ಶಾಲೆ. 'ಬೇಡ' ಅನ್ನುವುದಕ್ಕೆ ವೀರತನ ಬೇಕಾಗದಂತೆ ನೋಡಿಕೊಳ್ಳುವುದು ಬೆಂಚಿನ ಮೇಲೆ ಕೂತವರ ಜವಾಬ್ದಾರಿ.

ನಮ್ಮ ಚಳವಳಿಯ ಒಳಗೂ ತಮಟೆಯ ಬಗ್ಗೆ ಜಗಳ ಮುಗಿದಿಲ್ಲ. ಅದು ಜೀತದ ಗುರುತು, ಎಸೆಯಿರಿ ಎನ್ನುವವರು ಇದ್ದಾರೆ. ಅದೇ ನಮ್ಮ ದನಿ, ಮೆರವಣಿಗೆಯ ಮುಂದೆ ಹಿಡಿಯಿರಿ ಎನ್ನುವವರೂ ಇದ್ದಾರೆ. ದಲಿತ ಸಂಘರ್ಷ ಸಮಿತಿಯ ಎಷ್ಟೋ ಮೆರವಣಿಗೆಗಳು ತಮಟೆಯ ಹಿಂದೆಯೇ ನಡೆದವು. ಊರಿನ ಹೆಣಕ್ಕೆ ಬಾರಿಸುವುದನ್ನು ಬಿಟ್ಟ ಅಪ್ಪ ಏಪ್ರಿಲ್ 14ಕ್ಕೆ ತಾನೇ ಮುಂದೆ ನಿಂತು ಬಾರಿಸುತ್ತಾನೆ. ಅದೇ ಚರ್ಮ, ಅದೇ ಕೋಲು, ಅದೇ ಕೈ. ಹಾಗಾದರೆ ಒಂದು ಕಡೆ ಅವಮಾನ, ಇನ್ನೊಂದು ಕಡೆ ಅಭಿಮಾನ ಆಗುವುದು ಹೇಗೆ? ನನಗೆ ತೋಚುವ ಉತ್ತರ ಒಂದೇ. ಬರುವುದಿಲ್ಲ ಅನ್ನುವ ಹಕ್ಕು ಇರುವ ಕಡೆಗೆ ಹೋಗಿ ಬಾರಿಸಿದರೆ ಅದು ಕಲೆ. ಆ ಹಕ್ಕು ಇಲ್ಲದ ಕಡೆ ಬಾರಿಸಿದರೆ ಅದು ಬಿಟ್ಟಿಚಾಕರಿ, ಎಷ್ಟೇ ಚೆನ್ನಾಗಿ ಬಾರಿಸಿದರೂ. ಹೀಗಾಗಿ ಎರಡು ಗುಂಪಿನವರೂ ತಮಟೆಯ ಕಡೆ ನೋಡುತ್ತಾ ಜಗಳವಾಡುವುದನ್ನು ಬಿಟ್ಟು, ಬಾರಿಸುವವನ ಬಾಯಲ್ಲಿ 'ಬೇಡ' ಅನ್ನುವ ಮಾತು ಬದುಕಿದೆಯೇ ಎಂದು ನೋಡುವುದು ಒಳ್ಳೆಯದು.

ಇದಕ್ಕೆ ಮೇಷ್ಟ್ರುಗಳು ಒಂದು ಮಾತು ಹೇಳುತ್ತಾರೆ: 'ಕಲೆಗೆ ಜಾತಿ ಇಲ್ಲ ಕಣಯ್ಯ. ಈಗ ತಮಟೆಗೆ ಎಷ್ಟು ಗೌರವ ಬಂದಿದೆ. ನಾವು ಕೇಳದಿದ್ದರೆ ಆ ವಿದ್ಯೆ ಸತ್ತೇ ಹೋಗುತ್ತೆ.' ಗೌರವ ಬಂದಿರುವುದು ನಿಜ. 2023ರಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷದ ವಿಷಯ. ಆದರೆ ಕಲೆಗೆ ಜಾತಿ ಇಲ್ಲದಿದ್ದರೆ ಆ ಹುಡುಗಿಯನ್ನು ಯಾಕೆ ಕೇಳಲಿಲ್ಲ ಸಾರ್, 'ತಮಟೆ ಬರ್ತದೇನಮ್ಮ?' ಎಂದು? ಶಾಲೆಯ ಮೇಜಿನ ಮೇಲೆ ಹಾರ್ಮೋನಿಯಂ ಪಕ್ಕದಲ್ಲಿ ತಮಟೆಯನ್ನೂ ಇಡಿ. ಶಾನುಭೋಗರ ಮೊಮ್ಮಗ ಬಂದು ಎತ್ತಿಕೊಳ್ಳಲಿ, ಕಾಯಿಸಲಿ, ಕೈ ಬೊಬ್ಬೆ ಬರಿಸಿಕೊಳ್ಳಲಿ. ಕಾಲೋನಿ ಹುಡುಗ ಹಾರ್ಮೋನಿಯಂ ಎಳೆದುಕೊಳ್ಳಲಿ. ಆಗ ಅದು ವಾದ್ಯ. ನಮ್ಮ ಕೈಗೆ ಮಾತ್ರ ಬರುವುದಾದರೆ ಅದು ಜಾತಿ ಸರ್ಟಿಫಿಕೇಟು.

ಪಾತ್ರ ಹಂಚುವುದರಲ್ಲಿ ಬೆಳೆದ ಜಿಲ್ಲೆ ನಮ್ಮದು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ್ದು ಈ ತುಮಕೂರು ಜಿಲ್ಲೆಯಲ್ಲೇ. ಆ ನಾಟಕಗಳ ಹುಚ್ಚು ಹಳ್ಳಿಗಳಿಗೆ ಹತ್ತಿ ಇವತ್ತಿಗೂ ಇಳಿದಿಲ್ಲ. ಹಳ್ಳಿಯ ಕುರುಕ್ಷೇತ್ರದಲ್ಲಿ ಪಾತ್ರಕ್ಕೆ ಇಷ್ಟು ಎಂದು ದುಡ್ಡು ಕಟ್ಟಬೇಕು. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಮ್ಮಿ. ನಮ್ಮೂರಲ್ಲಿ ಕರ್ಣ ಆಗುತ್ತಿದ್ದವರು ಐದು ನೂರು ತೆಂಗಿನ ಮರದ ಧಣಿಯ ಮಗ. ಸೂತಪುತ್ರ ಎಂದರಲ್ಲಾ ಎಂದು ಅವರು ಹಾರ್ಮೋನಿಯಂ ಜೊತೆ ಅಳುತ್ತಿದ್ದರೆ ದೂರದಲ್ಲಿ ಕೂತ ನಾವೂ ಅಳುತ್ತಿದ್ದೆವು. ಬೆಳಿಗ್ಗೆ ಬಣ್ಣ ತೊಳೆದುಕೊಂಡ ಕರ್ಣ ನಮ್ಮ ಕೇರಿಯ ಮೂಲೆಯಲ್ಲಿ ನಿಂತು, ಹೆಸರು ಕರೆಯದೆ, ಜಾತಿ ಹಿಡಿದು ಆಳು ಕರೆಯುತ್ತಿದ್ದರು. ನೋವಿನ ಮಾತು ಅವರಿಗೆ ಬಾಯಿಪಾಠ, ನೋವು ನಮಗೆ.

ಶಾಲೆಯೂ ಇದನ್ನೇ ಕಲಿಸುತ್ತದೆ. ಪ್ರತಿಭಾ ಕಾರಂಜಿ ಶುರುವಾಗಿ ಇಪ್ಪತ್ತು ವರ್ಷದ ಮೇಲಾಯಿತು. ಕ್ಲಸ್ಟರು, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಹಳ್ಳಿ ಮಕ್ಕಳೂ ಮೆಟ್ಟಿಲು ಹತ್ತುವ ಹಾಗಾಯಿತು, ಒಳ್ಳೆಯದೇ. ಅಲ್ಲಿ ಛದ್ಮವೇಷದ ಸ್ಪರ್ಧೆ ನೋಡಿದ್ದೀರಲ್ಲ? ಪೇಟೆಯ ಮಗುವಿಗೆ ಹರಿದ ಸೀರೆ ಉಡಿಸಿ, ಕೈಗೆ ಪೊರಕೆ ಕೊಟ್ಟು ಪೌರಕಾರ್ಮಿಕಳನ್ನಾಗಿ ಮಾಡುತ್ತಾರೆ. ಪ್ರೈಜು ಬರುತ್ತದೆ. ಬೆಳಗಿನ ಜಾವ ನಿಜವಾಗಿ ಪೊರಕೆ ಹಿಡಿದು ಹೋಗುವ ತಾಯಿಯ ಮಗಳು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಾಳೆ. ಅವಳು ಯಾವ ವೇಷ ಹಾಕಬೇಕು? ಅವಳಿಗೆ ಝಾನ್ಸಿ ರಾಣಿಯಾಗುವ ಆಸೆ ಇದ್ದರೆ ಕತ್ತಿ, ಕಿರೀಟ, ಬಾಡಿಗೆ ಡ್ರೆಸ್ಸು ಎಲ್ಲಿಂದ ತರಬೇಕು? ಪ್ರತಿಭೆ ಎನ್ನುವುದು ಕಾರಂಜಿಯ ಹಾಗೆ ತಾನಾಗಿ ಚಿಮ್ಮುವುದಿಲ್ಲ ಗೆಳೆಯರೆ. ಅದಕ್ಕೂ ಹತ್ತು ತಿಂಗಳು ಅಟ್ಟ ಬೇಕು. ಮನೆಯಲ್ಲಿ ಹಾರ್ಮೋನಿಯಂ ಇದ್ದವನನ್ನೂ, ಮನೆಯಲ್ಲಿ ಕರೆಂಟಿಲ್ಲದವನನ್ನೂ ಒಂದೇ ಶನಿವಾರ ಒಂದೇ ಸಲ ನಿಲ್ಲಿಸಿ ಅಳೆದರೆ ನೀವು ಅಳೆದದ್ದು ಅಟ್ಟವನ್ನು.

ಮುಂದಕ್ಕೆ ಬಾ ಎಂದು ಕರೆಯುವುದೊಂದೇ ಸಾಲದು ಎಂಬುದಕ್ಕೆ ಅಂಬೇಡ್ಕರ್ ಅವರ ಬಾಲ್ಯವೇ ಸಾಕ್ಷಿ. ಬೊಂಬಾಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಮೇಷ್ಟ್ರು ಅವರನ್ನು ಕಪ್ಪು ಹಲಗೆಯ ಹತ್ತಿರ ಬಂದು ಲೆಕ್ಕ ಬಿಡಿಸು ಎಂದು ಕರೆದರಂತೆ. ಮಕ್ಕಳು ಹೋ ಎಂದು ಎದ್ದು, ಹಲಗೆಯ ಹಿಂದೆ ಇಟ್ಟಿದ್ದ ತಮ್ಮ ಊಟದ ಡಬ್ಬಿಗಳನ್ನೆಲ್ಲ ಎತ್ತಿಕೊಂಡರೆಂದು ಅವರ ಜೀವನಚರಿತ್ರೆಯಲ್ಲಿ ಬರುತ್ತದೆ. ಕರೆದ ಮೇಷ್ಟ್ರು ಒಳ್ಳೆಯವರೇ. ಆದರೆ ಹಲಗೆಯ ಹಿಂದೆ ಏನಿದೆ ಎಂದು ನೋಡದೆ ಕರೆದರು. ಶಾಲೆಯ ರಂಗದ ಹಿಂದೆ ಏನಿದೆ ಎಂದು ಮೊದಲು ನೋಡಬೇಕಾದವರು ಕರೆಯುವವರು.

ಬಾಗಿಲೇ ತೆರೆಯದಿದ್ದಾಗ ಬೇರೆ ರಂಗ ಕಟ್ಟಿದ್ದೂ ನಮ್ಮ ನಾಡಿನಲ್ಲಿ ನಡೆದಿದೆ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಎಂದು ಕೇಳಿದರು, ಕೊಡಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಅದು ದೊಡ್ಡವರು, ಒಟ್ಟಾಗಿ, 'ಬಾರ್ಸಲ್ಲ' ಎಂದ ರೀತಿ. ಒಂಟಿ ಹುಡುಗನಿಗೆ ಆ ದಾರಿ ಇಲ್ಲ. ಅದಕ್ಕೇ ಈ ಮಾತನ್ನು ಹಳ್ಳಿಯ ಮೇಷ್ಟ್ರುಗಳಿಗೆ ಹೇಳುತ್ತಿದ್ದೇನೆ. ಹೊಸ ಮಗುವನ್ನು ಊರು ಕೇಳುವ ಮೊದಲು, ಕೇರಿ ಕೇಳುವ ಮೊದಲು, ನಿನಗೇನು ಇಷ್ಟ ಎಂದು ಕೇಳಿ. ಮೊದಲ ದಿನ ಸುಮ್ಮನೆ ಕೂತು ನೋಡಲು ಬಿಡಿ, ಎರಡನೇ ದಿನ ಕರೆಯಿರಿ. ಅಭ್ಯಾಸಕ್ಕೆ ಶಾಲೆಯಲ್ಲೇ ಸಮಯ ಕೊಟ್ಟು ಆಮೇಲೆ ಆರಿಸಿ. ಬೇಡ ಅಂದರೆ ಯಾಕೆ ಎಂದು ಕೇಳಬೇಡಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ದುಡ್ಡೂ ಬೇಕಿಲ್ಲ.

ಇಷ್ಟೆಲ್ಲ ಹೇಳುವ ನಾನು ಏನು ಮಾಡಿದೆ ಎಂದೂ ಹೇಳಬೇಕು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ನಾಲ್ಕು ಪದ್ಯ ಅಚ್ಚಾಗಿದ್ದರಿಂದ ಹೋದ ವರ್ಷ ಒಂದು ಹೈಸ್ಕೂಲಿನವರು ಸ್ಕೂಲ್ ಡೇ ಸೆಲೆಕ್ಷನ್ನಿಗೆ ಕೂರಲು ಕರೆದರು. ಅದೇ ಥರ ಬೆಂಚು. ಆ ವರ್ಷವೇ ಸೇರಿದ್ದ ಒಬ್ಬಳು ಹುಡುಗಿ ಬಂದು ನಿಂತಳು. ಚಿಕ್ಕನಾಯಕನಹಳ್ಳಿ ಕಡೆಯ ಗೊಲ್ಲರಹಟ್ಟಿಯವಳು ಎಂದು ಪಕ್ಕದವರು ಕಿವಿಯಲ್ಲಿ ಹೇಳಿದರು. ನನಗೆ ಖುಷಿಯಾಯಿತು. ಜಾನಪದ, ನೆಲದ ದನಿ, ಏನೇನೋ ತಲೆಗೆ ಬಂತು. ಬಾಯಿಂದ ಮಾತು ಬಿದ್ದೇಹೋಯಿತು: 'ಗೊಲ್ಲರ ಪದ ಬರ್ತದೇನವ್ವ?'

ಅವಳು ತಲೆ ತಗ್ಗಿಸಿ, 'ಬರಲ್ಲ ಸಾ' ಅಂದಳು.

ಅದು ನಿಜವಾದ ಬರಲ್ಲವೋ, ನನ್ನ ಥರದ ಬರಲ್ಲವೋ, ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವ ಹಕ್ಕೂ ನನಗಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾನು, 'ತಪ್ಪು ಕೇಳಿದೆ ಕಣವ್ವ. ನಿನಗೇನು ಇಷ್ಟ?' ಅಂದೆ. 'ನಾಳೆ ಹೇಳ್ಲಾ ಸಾ?' ಅಂದಳು.

ಹೇಳು ಅಂದೆ. ಮಾರನೆಯ ದಿನ ನಾನೂ ಅಲ್ಲಿಗೆ ಹೋದೆ.